ಅಡಿ

ನಾನು ಮನೆ ಒಡೆಯುವವನು.
ಬೋಳಾರದಲ್ಲಿ, ಜೆಪ್ಪಿನಲ್ಲಿ, ಹೊಳೆಯ ಬದಿಯಲ್ಲಿ
ಹಳೆ ಮನೆ ಬೀಳುವುದಿದ್ದರೆ ನನಗೆ ಫೋನು ಬರುತ್ತದೆ.
ಪಕ್ಕಾಸು ಒಬ್ಬನಿಗೆ, ಬಾಗಿಲು ಇನ್ನೊಬ್ಬನಿಗೆ,
ಹಂಚು ಕಾಪುವಿನ ರೆಸಾರ್ಟಿನವರಿಗೆ.
ಅವರಿಗೆ ಹಾವಸೆ ಹಿಡಿದದ್ದೇ ಬೇಕು,
ಹೊಸತಕ್ಕಿಂತ ಹೆಚ್ಚು ಕೊಟ್ಟು.

ಮಿಸ್ರಿಯಾ ನನ್ನ ಕಿರಿಯವಳು.
ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಅಂದಾಗ
"ಎಂತ ಉಂಟು ಮಾರಾಯ್ತಿ ಅದರಲ್ಲಿ,
ಎಲ್ಲ ಆಗಿ ಹೋದದ್ದಲ್ವಾ?" ಅಂದಿದ್ದೆ.
"ಉಪ್ಪ, ನಿಮ್ಮ ವ್ಯಾಪಾರವೂ ಅದೇ ಅಲ್ವಾ?"
ಮತ್ತೆ ನಾನು ಕೇಳಲಿಲ್ಲ.

ಆದಿತ್ಯವಾರ ಸೈಟಿಗೆ ಬರುತ್ತಾಳೆ:
ಹಲ್ಲುಜ್ಜುವ ಬ್ರಶ್ಶು, ಅಳತೆಯ ಟೇಪು, ರಟ್ಟು ಕಿತ್ತ ನೋಟುಬುಕ್ಕು.
ಒಂದೊಂದೇ ಹಂಚು ಮಗುಚುತ್ತಾಳೆ,
ಬುಟ್ಟಿಯ ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೆ.
ಅಡಿಯಲ್ಲಿ ಮುದ್ರೆ. ಒಂದಕ್ಕೆ ಆನೆ, ಒಂದಕ್ಕೆ ನಕ್ಷತ್ರ,
ಕೆಲವಕ್ಕೆ ಇಸವಿ.
ಮೂವತ್ತು ವರ್ಷ ಲಾರಿ ತುಂಬಿದ್ದೇನೆ.
ಎಣಿಸಿದ್ದೇನೆ, ಓದಿದ್ದಿಲ್ಲ.

ಅವಳ ಮಂಚದ ಅಡಿಯಲ್ಲಿ ಈಗ ನಲ್ವತ್ತೊಂದು ಹಂಚು.
"ಒಂದು ದಿನ ಚೇಳು ಬಂದು ಇತಿಹಾಸ ಕಚ್ಚುತ್ತದೆ"
ಎನ್ನುತ್ತಾಳೆ ನನ್ನ ಹೆಂಡತಿ, ಗುಡಿಸುತ್ತಾ.

ಹೋದ ತಿಂಗಳು ಜೆಪ್ಪಿನ ಮನೆ.
ಜೆಸಿಬಿ ಗಂಟೆಗೆ ಸಾವಿರದ ಇನ್ನೂರು.
"ನಿಲ್ಲಿಸಿ ಉಪ್ಪಾ!"
ಹಂಚಿನ ಮೇಲೊಂದು ಕಾಲು.
ಹಸಿ ಮಣ್ಣು ಮೆಟ್ಟಿ ಯಾರೋ ಓಡಿದ್ದು,
ಗೂಡಿನಲ್ಲಿ ಬೆಂದು, ಮಾಡು ಹತ್ತಿ,
ಎಷ್ಟೋ ಮಳೆಗಾಲ ಕುಡಿದ ಕಾಲು.
ಕಿರುಬೆರಳು ಸ್ವಲ್ಪ ಹೊರಕ್ಕೆ.
ನನ್ನ ಅಂಗೈಯಷ್ಟೂ ಇಲ್ಲ.
ಎರಡು ಗಂಟೆ ಯಂತ್ರ ಸುಮ್ಮನೆ ನಿಂತಿತು.
ಲೆಕ್ಕ ನೀವೇ ಹಾಕಿಕೊಳ್ಳಿ.

"ಕಾಲಿಗೆ ಸಹಿ ಇಲ್ಲ, ದಾಖಲೆ ತಾ" ಅಂದರಂತೆ ಅವಳ ಮೇಷ್ಟ್ರು.
ಮುಚ್ಚಿದ ಕಾರ್ಖಾನೆಯ ಗುಮಾಸ್ತರ ಮೊಮ್ಮಗನನ್ನು ಹುಡುಕಿ
ತುಕ್ಕು ಕಪಾಟು ತೆರೆಸಿದಳು.
ಹಾಜರಿ ಪುಸ್ತಕ ಸಿಕ್ಕಿತು, ಗೆದ್ದಲು ಮೊದಲು ಓದಿ ಮುಗಿಸಿದ್ದು.
ಉಳಿದ ಪುಟಗಳಲ್ಲಿ ಗಂಡಸರಿಗೆ ಹೆಸರುಂಟು, ಕೆಲವರಿಗೆ ಮನೆತನವೂ ಉಂಟು.
ಕೆಳಗೆ ಒಂದೇ ಗೆರೆ:
ಹೆಣ್ಣಾಳು ಹದಿನೇಳು. ಚಿಲ್ಲರೆ ಮಕ್ಕಳು ಒಂಬತ್ತು.
ಅವರೂ ನನ್ನ ಹಾಗೆಯೇ.
ಎಣಿಸಿದ್ದಾರೆ.

ಆ ರಾತ್ರಿ ಗಂಜಿಯ ಎದುರು ಅವಳು ಅದನ್ನೇ ಓದುತ್ತಿದ್ದಾಗ
ನನ್ನ ಬಾಯಿಂದ ಅದು ಹೇಗೆ ಬಂತೋ:
ನನ್ನ ಉಮ್ಮನೂ ಹಂಚು ಹೊತ್ತವಳು.
ನೆತ್ತಿಯಲ್ಲಿ ರೂಪಾಯಿಯಷ್ಟು ಅಗಲಕ್ಕೆ
ಕೂದಲು ಸಾಯುವವರೆಗೂ ಬರಲಿಲ್ಲ.
ಹಿರಿಯವಳ ಮದುವೆಯ ಮಾತಿಗೆ ಬಂದವರ ಹತ್ತಿರ
ನಮ್ಮ ಉಮ್ಮ ಹೊಸ್ತಿಲು ದಾಟಿದವಳಲ್ಲ ಅಂದಿದ್ದೆ.

ಹೆಂಡತಿ ಚಟ್ನಿಯ ತಟ್ಟೆ ಹಿಡಿದು ಹಾಗೇ ನಿಂತಳು.
ಮಗಳು ಕೇಳಿದ್ದು, "ಯಾವ ಇಸವಿ?"

ಇಸವಿ! ಹೊಳೆಗೆ ಬೊಳ್ಳ ಬಂದ ವರ್ಷ ನನಗೆ ಆರು.
ಉಮ್ಮನ ಹಿಂದೆ ನಾನೂ ಹೋಗುತ್ತಿದ್ದೆ.
ಒಣಗಲು ಇಟ್ಟದ್ದನ್ನು ಮೆಟ್ಟಿದ್ದಕ್ಕೆ
ಮೇಸ್ತ್ರಿ ಕಿವಿ ಹಿಂಡಿದ್ದು ನೆನಪುಂಟು.
ಹೇಳಿ ಮುಗಿಸಿ ಆ ಹಂಚಿನ ಕಡೆ ನೋಡಿದೆ.
ಅವಳೂ ನೋಡಿದಳು. ಮಗುಚಿದಳು. ಮುದ್ರೆ ಸವರಿದಳು.
"ಇದು ನಿಮ್ಮದಲ್ಲ ಉಪ್ಪ.
ನಿಮಗಿಂತ ನಲ್ವತ್ತು ವರ್ಷ ಹಳೆಯದು."

ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಮತ್ತೆ ಪೆನ್ನು ತೆಗೆದಳು. ಅಜ್ಜಿಯ ಹೆಸರನ್ನು
ಗೊತ್ತಿಲ್ಲದವಳ ಹಾಗೆ ನನ್ನನ್ನೇ ಕೇಳಿ ಬರೆದಳು:
ಖೈಜಮ್ಮ. ಹಂಚು ಹೊರುವವರು.
ಹೇಳಿದವರು: ಮಗ, ಮನೆ ಒಡೆಯುವವರು.
ತಾರೀಕು ಹಾಕಿದಳು.

ರೆಸಾರ್ಟಿನವನು ಆ ಕಾಲಿಗೆ ಐನೂರು ಎನ್ನುತ್ತಿದ್ದಾನೆ,
ಗೋಡೆಗೆ ಹಾಕಲಿಕ್ಕಂತೆ.
ಇನ್ನೂ ಉತ್ತರ ಕೊಟ್ಟಿಲ್ಲ, ಅವನು ಏರಿಸುತ್ತಿದ್ದಾನೆ.

ನಾಳೆ ಕುದ್ರೋಳಿಯಲ್ಲಿ ಒಂದು ಮನೆ ಉಂಟು.
ಜೆಸಿಬಿಯವನಿಗೆ ಹತ್ತು ಗಂಟೆಗೆ ಬಾ ಅಂದಿದ್ದೇನೆ.
ಅವಳಿಗೆ ಏಳಕ್ಕೆ.