ನಡುವಿನ ಅಳತೆ

ಶ್ರೀರಾಂಪುರದ ಮೆಟ್ರೊ ಕಂಬದ ನೆರಳು
ಮಧ್ಯಾಹ್ನ ಮೂರಕ್ಕೆ ನನ್ನ ಅಂಗಡಿಯೊಳಗೆ ಬರುತ್ತದೆ.
ಅದರ ಹಿಂದೆಯೇ ಬಂದಳು ಮೇದಿನಿ, ಮೊಬೈಲು ಚಾಚಿಕೊಂಡು:
'ಆಂಟಿ, ಇದನ್ನ ಹೊಲೀತೀರಾ?'

ಗೇಣುದ್ದದ ರವಿಕೆ.
ಎದೆಯಿಂದಲೇ ಇಳಿಬಿದ್ದ, ಗಾಳಿ ತುಂಬಿದ ಲಂಗ.
ಹುಕ್ಕಿಲ್ಲ, ಗುಂಡಿಯಿಲ್ಲ, ಟಕ್ಸಿಲ್ಲ.
'ನಡು ಎಲ್ಲಿ?' ಎಂದೆ.
'ಇಲ್ಲ ಆಂಟಿ. ಹಾನ್‌ಬೊಕ್‌ಗೆ ನಡು ಇರಲ್ಲ.'

ಇಪ್ಪತ್ತಾರು ವರ್ಷದಿಂದ ಟೇಪು ನನ್ನ ಕೊರಳಲ್ಲಿದೆ.
ಎದೆ, ತೋಳು, ಕಂಕುಳು, ಬೆನ್ನು
ಯಾವುದಕ್ಕೂ ಸುಳ್ಳು ಹೇಳದ ಹೆಂಗಸರು
ನಡುವಿಗೆ ಬಂದಾಗ ಉಸಿರು ಒಳಗೆಳೆದುಕೊಳ್ಳುತ್ತಾರೆ.
ಆ ಎಳೆದ ಉಸಿರನ್ನೇ ನಾನು ಬರೆದುಕೊಳ್ಳುವುದು:
ಮೂವತ್ತು. ಮೂವತ್ತೆರಡು.
ಆಮೇಲೆ ಛತ್ರದಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ
ಹುಕ್ಕು ಹಾರಿದರೆ ಬೈಗುಳ ನನಗೆ.

ಬಟ್ಟೆಗೆ ಅವಳು ತಂದಿದ್ದು ಅಜ್ಜಿಯ ಬದನೆಬಣ್ಣದ ಸೀರೆ,
ಮಡಿಕೆ ಮಡಿಕೆಗೂ ಸೀಳಿದ್ದು.
ಸೀಳು ತಪ್ಪಿಸಿ ಕತ್ತರಿ ಆಡಿಸಲಿಕ್ಕೇ ಎರಡು ದಿನ.
ರವಿಕೆಗೆ ನನ್ನ ಪೆಟ್ಟಿಗೆಯ ಗುಳೇದಗುಡ್ಡದ ಖಣ ತೆಗೆದೆ,
ಅವ್ವ ಉಡಿ ತುಂಬಿದ್ದು, ಅರಿಶಿನದ್ದು.
ಯಾಕೆ ತೆಗೆದೆ ಅಂತ ಕೇಳಬೇಡಿ.

ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು.
ಅವಳ ಸೀರಿಯಲ್ಲಿನಲ್ಲಿ ರಾಣಿ ಅಳುತ್ತಿದ್ದಳು;
ನಾನು ನೋಡಿದ್ದು ಹಿಂದೆ ನಿಂತ ದಾಸಿಯ ತೋಳು,
ಕೆಳಗಡೆ ದೋಣಿಯ ಹೊಟ್ಟೆಯಂಥ ಆ ಬಾಗು.
ಕೊರಳಿಗೆ ಬೇರೆಯೇ ಒಂದು ಬಿಳಿಪಟ್ಟಿ.
ಕೊಳೆಯಾದರೆ ಅಷ್ಟನ್ನೇ ಬಿಚ್ಚಿ ಹೊಸದು ಹೊಲಿಯುತ್ತಾರಂತೆ.
ಕೊರಳಿನ ಬೆವರು ಬಲ್ಲವಳು ಯಾರೋ
ಯೋಚನೆ ಮಾಡಿಯೇ ಮಾಡಿದ್ದು, ಅಂದುಕೊಂಡೆ.

ಶನಿವಾರದ ಕ್ಲಾಸಿನಲ್ಲಿ ಪದ್ಯ ಹೇಳಿಕೊಟ್ಟರಂತೆ,
ಮೂರೇ ಸಾಲಿನದು.
ಮೂರನೆಯದಕ್ಕೆ ಬಂದಾಗ ಮಾತು ತಿರುಗಬೇಕಂತೆ.
'ಹೊಲಿದಾದ ಮೇಲೆ ತೋಳು ಹೊರಳಿಸೋದಿಲ್ವಾ,
ಹಾಗೆ' ಎಂದೆ.
ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.
ನಾಚಿಕೆಯಾಯಿತು.

ಇನ್ನೊಂದು ದಿನ ಒಂದು ಗಡಿಗೆಯ ಚಿತ್ರ ತೋರಿಸಿದಳು.
ಹುಣ್ಣಿಮೆಯಷ್ಟು ಬಿಳಿ, ಮೈಮೇಲೆ ಒಂದು ಹೂವೂ ಇಲ್ಲ.
ಎರಡು ಬೋಗುಣಿ ಬಾಯಿಗೆ ಬಾಯಿ ಕೂಡಿಸಿ ಸುಟ್ಟಿದ್ದು,
ಕೂಡಿದ ಕಡೆ ತುಸು ಸೊಟ್ಟ.
ಹಾಗೇ ಬಿಟ್ಟಿದ್ದಾರೆ.
ಅವಳು ಹೋದ ಮೇಲೂ ಅದು ಕಣ್ಣಲ್ಲೇ ಇತ್ತು.
ಬಟ್ಟೆಯಲ್ಲಿ ಇಲ್ಲದ ನಡು
ಹೋಗಿ ಹೋಗಿ ಮಡಕೆಯಲ್ಲಿ ಕೂತಿದೆ!

'ಉಳಿದ ಚೂರು ಎಸೀಬೇಡಿ ಆಂಟಿ,
ಅವರೂ ಜೋಡಿಸ್ತಾರೆ, ಜೊಗಾಕ್‌ಬೊ ಅಂತ.'
'ಕೌದಿ' ಎಂದೆ.
ಕೌದಿಯಲ್ಲ.
ಕೌದಿಯ ಹೊಟ್ಟೆಯಲ್ಲಿ ಹಳೆ ಧೋತರ, ಹರಕು ಸೀರೆ,
ಒಂದು ಮನೆಯ ಕತ್ತಲೆಲ್ಲ ಇರುತ್ತದೆ, ಅದಕ್ಕೇ ಬೆಚ್ಚಗೆ.
ಇದಕ್ಕೆ ಒಳಮೈಯೇ ಇಲ್ಲ.
ಅಂಚನ್ನು ಅಂಚೇ ನುಂಗಿ ಎರಡೂ ಕಡೆ ಮುಖ.
ಮೂರು ಸಲ ಬಿಚ್ಚಿದೆ. ನಾಲ್ಕನೆಯ ಸಲ ಕೂತಿತು.
ಷಟರಿನ ಕೊಂಡಿಗೆ ತೂಗುಹಾಕಿ ನೋಡುತ್ತಿದ್ದೆ.
ಮೇಲೆ ರೈಲು ಹೋಯಿತು,
ಕಿಟಕಿಗಳ ಬೆಳಕು ಚೂರುಚೂರಾಗಿ ಕೈಮೇಲೆ ಬಿತ್ತು,
ಬದನೆ, ಅರಿಶಿನ, ಮತ್ತೆ ಬದನೆ.

ಕಾಲೇಜಿನ ಹಬ್ಬಕ್ಕೆ ನನ್ನನ್ನೂ ಕರೆದುಕೊಂಡು ಹೋದಳು.
ಬಾಡಿಗೆಯ ಪಾಲಿಯೆಸ್ಟರಿನಲ್ಲಿ ಎಂಟು ಹುಡುಗಿಯರು
ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.
ಇವಳಿಗೆ ಎದೆಯ ರಿಬ್ಬನ್ನಿನ ಗಂಟು ಬರಲಿಲ್ಲ.
ಒಂದೇ ಕಿವಿಯ ಗಂಟು ಅದು, ಇನ್ನೊಂದು ತುದಿ ಸುಮ್ಮನೆ ಇಳಿಯಬೇಕು.
ನನಗೂ ಬರಲಿಲ್ಲ.
ಪಾಠ ಹೇಳುವ ಕೊರಿಯಾದ ಹೆಂಗಸು ಬಂದು ಕಟ್ಟಿದಳು,
ಕಟ್ಟಿ, ರವಿಕೆಯ ಅಂಚು ಮಗುಚಿ ನೋಡಿದಳು.
ಹೊಲಿಗೆಯವರು ಹಾಗೇ ನೋಡುವುದು, ಒಳಗಡೆಯಿಂದ.
ಬೆರಳಲ್ಲಿ ಖಣದ ಚಿಕ್ಕಿ ಸವರಿದಳು.
ನಮ್ಮಿಬ್ಬರ ನಡುವೆ ಭಾಷೆ ಇರಲಿಲ್ಲ.
ನನ್ನ ತೋರುಬೆರಳ ಸೂಜಿಗಾಯ ತೋರಿಸಿದೆ,
ಅವಳೂ ತನ್ನದು ತೋರಿಸಿದಳು.

ಸೋಮವಾರ ಡಿಪೊ ಕಂಡಕ್ಟರ್ ತ್ರಿವೇಣಮ್ಮ ಬಂದರು,
ಮಗಳ ಮದುವೆಯ ಬ್ಲೌಸು, ಬಿಗಿಯಾಗಿರಬೇಕು.
ಟೇಪು ನಡುವಿಗೆ ಬಂತು, ಎಳೆದುಕೊಂಡರು.
'ಉಸಿರು ಬಿಡಿ' ಎಂದೆ.
'ಯಾಕ್ರೀ?'
'ಸುಮ್ನೆ ಬಿಡಿ.'
ಬಿಟ್ಟರು.
ಮೂವತ್ತೇಳು ಎಂದು ಬರೆದು, ಚೀಟಿ ಮಡಚಿದೆ.