ಹದಿನೇಳನೇ ಕಂತು

ತೂರಿನೋದಲ್ಲಿ ಟ್ರಾಮು ಓಡಿಸುವ
ಎರ್ಮಾನ್ನೋನಿಗೆ ಐವತ್ತೆರಡು.
ಪಾಳಿ ಮುಗಿಸಿ, ಬೂಟು ಬಿಚ್ಚಿ,
ಸೂಪು ಆರುವಷ್ಟರಲ್ಲಿ
ಹಾಕಿಬಿಡುತ್ತಾನೆ ಅದೇ ಜಪಾನಿ ಅನಿಮೆ,
ಅದೇ ಹದಿನೇಳನೇ ಕಂತು.

'ಇನ್ನೂ ಬಿಡಲಿಲ್ಲವಾ?' ಅನ್ನುತ್ತಾಳೆ ತಂಗಿ ಲೊರೆದಾನಾ,
ಹೆಬ್ಬೆರಳು ಚೀಪುವವನನ್ನು ಕೇಳುವ ಹಾಗೆ.

ಬಿಟ್ಟಿದ್ದ, ಒಮ್ಮೆ.
ಮದುವೆಯ ವರ್ಷ ತಗಡಿನ ರೋಬೋ, ಟೇಪು
ಎಲ್ಲ ಕಟ್ಟಿ ನೆಲಮಾಳಿಗೆಗೆ ಹಾಕಿ
ಒಂಬತ್ತು ವರ್ಷ ದೊಡ್ಡವನಾಗಿ ಇದ್ದು ನೋಡಿದ.
ಯಾರಿಗೂ ಹೆಚ್ಚೇನೂ ಉಪಯೋಗವಾಗಲಿಲ್ಲ.

ಮೊದಲ ಸಲ ನೋಡಿದಾಗ
ರೋಬೋ ನಡೆಸುವ ಹುಡುಗ ಇವನಿಗೆ ಅಣ್ಣ.
ಆಮೇಲೆ ಓರಗೆಯವನಾದ. ತಮ್ಮನಾದ.
ಈಗ ನೋಡಿದರೆ ಹಾಲುಗಲ್ಲದ ಕೂಸು;
ಹದಿನಾಲ್ಕಕ್ಕೇ ಯಾರು ಕಳಿಸಿದರು ಇದನ್ನು ಯುದ್ಧಕ್ಕೆ
ಎಂದು ಚಮಚ ಕೆಳಗಿಡುತ್ತಾನೆ.

ಅಲ್ಲೇ, ಚಿತ್ರದ ಮೂಲೆಯಲ್ಲಿ,
ಒಬ್ಬ ಮುದಿ ಮೆಕ್ಯಾನಿಕ್ಕು, ಹೆಸರೂ ಇಲ್ಲ,
ಎರಡು ಕ್ಷಣ ನಟ್ಟು ಬಿಗಿದು ಕೈ ಒರೆಸಿಕೊಳ್ಳುತ್ತಾನೆ.
ನಲವತ್ತು ವರ್ಷ ಇವನ ಕಣ್ಣಿಗೇ ಬಿದ್ದಿರಲಿಲ್ಲ.
ಹುಡುಗ ಹಾರಿಹೋದ ಮೇಲೂ
ಬಾಗಿಲು ಮುಚ್ಚದೆ ನಿಂತೇ ಇದ್ದಾನೆ.

'ತಣ್ಣಗಾಯ್ತು' ಅನ್ನುತ್ತಾಳೆ ಲೊರೆದಾನಾ.
'ತಾಳು,
ಇವನಿನ್ನೂ ಒಳಗೆ ಹೋಗಿಲ್ಲ.'