ನಿಂತಲ್ಲೇ ನಡೆದ ದಾರಿ

ಮೂಗು ಬಾಯಿ ಎರಡನ್ನೂ ನುಂಗುವ ಮಾಸ್ಕು.
ಒಳಗೆ ರಬ್ಬರಿನ ವಾಸನೆ,
ನನಗಿಂತ ಮೊದಲು ನಿಂತು ಹೋದ ಕರಿಬಸಮ್ಮ
ಬೆಳಿಗ್ಗೆ ತಿಂದ ಈರುಳ್ಳಿಯ ವಾಸನೆ.
"ಗಾಳಿ ಅದೇ, ಆಮ್ಲಜನಕ ಮಾತ್ರ ಕಡಿಮೆ,"
ಅಂದರು ಪ್ರಮೀಳಾ ಮೇಡಂ.
"ಇಪ್ಪತ್ತೊಂದು ಇದ್ದದ್ದು ಹದಿಮೂರು.
ಹನ್ನೆರಡು ಸಾವಿರ ಅಡಿ ಬೆಟ್ಟದ ಮೇಲಿದ್ದೀನಿ ಅಂದುಕೋ."

ಅಂದುಕೊಂಡೆ. ಬೆಟ್ಟ ಬರಲಿಲ್ಲ.
ದಾವಣಗೆರೆಯಲ್ಲಿ ಹುಟ್ಟಿ ದಾವಣಗೆರೆಯಲ್ಲೇ ಬೆಳೆದವಳು,
ರೈಲ್ವೆ ಓವರ್‌ಬ್ರಿಜ್ಜಿಗಿಂತ ಎತ್ತರ ಹತ್ತಿದವಳಲ್ಲ.
ಬೆಟ್ಟ ಅಂದರೆ ನನಗೆ
ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ರಾಶಿ.

ಒಂದೇ ಕಾಲಲ್ಲಿ ನಿಲ್ಲು. ಕೈ ಸೊಂಟಕ್ಕೆ. ಕಣ್ಣು ಮುಚ್ಚು.
ನಗು ಬಂತು.
ಬೋನಸ್ ಗೆರೆಯಾಚೆ ಒಂದು ಕಾಲೂರಿ
ಇನ್ನೊಂದನ್ನು ಗಾಳಿಯಲ್ಲಿ ತೂಗಿಬಿಟ್ಟು
ಏಳು ಜನರ ಬಾಯಿಂದ ವಾಪಸು ಬರುವವಳು ನಾನು,
ಕಬಡ್ಡಿ ಕಬಡ್ಡಿ, ಒಂದೇ ಉಸಿರು.
ಆ ಉಸಿರಿಗೇ ತಂಡದಲ್ಲಿ ಜಾಗ ಸಿಕ್ಕಿದ್ದು.

ಮೊದಲ ನಿಮಿಷ ಏನೂ ಇಲ್ಲ.
ಬೆರಳಿಗೆ ಕಚ್ಚಿದ ಕ್ಲಿಪ್ಪನ್ನು ಮೇಡಂ ಓದುತ್ತಿದ್ದರು:
ತೊಂಬತ್ತೇಳು. ತೊಂಬತ್ತೊಂದು.
ಎಂಬತ್ತನಾಲ್ಕು ಅಂದವರು ಆಮೇಲೆ ಓದಲಿಲ್ಲ.
ಆಗ ಪಾದದ ಕಿರುಬೆರಳು
ಯಾರನ್ನೂ ಕೇಳದೆ ಹೊರಟಿತು.
ಅದನ್ನು ಹಿಡಿಯಲು ಹೋದ ಹಿಮ್ಮಡಿ ತಡವಾಯಿತು,
ಹಿಮ್ಮಡಿಯನ್ನು ಕರೆಯಲು ಮೊಣಕಾಲು,
ಕರೆಂಟು ಹೋದ ಮನೆಯಲ್ಲಿ
ಮನೆಯವರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದ ಹಾಗೆ.
ಸುಸ್ತಿಲ್ಲ ನನಗೆ, ಏದುಸಿರಿಲ್ಲ,
ನೆಲ ಮಾತ್ರ ನನ್ನ ಮಾತು ಕೇಳುತ್ತಿಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ತೋರಿಸಿದರು
ನಾನು ನಿಂತಲ್ಲೇ ನಡೆದ ದಾರಿ.
ಮಾಸ್ಕಿಲ್ಲದಾಗ ಒಂದು ಗಂಟು, ಬಟಾಣಿಯಷ್ಟು.
ಮಾಸ್ಕು ಹಾಕಿದಾಗ
ಬೆಕ್ಕು ಎಳೆದಾಡಿದ ನೂಲಿನ ಉಂಡೆ.

ನೂಲು.
ಹಾಲಪ್ಪಜ್ಜ ಅಲ್ಲೇ ಬಂದು ನಿಂತ.

ಕಾಟನ್ ಮಿಲ್ಲಿನ ಕಾರ್ಡಿಂಗ್ ಖಾತೆಯಲ್ಲಿ ಇಪ್ಪತ್ತಾರು ವರ್ಷ.
ಕಿವಿಯ ಕೂದಲಲ್ಲೂ ಅರಳೆ ಹೊತ್ತು ಬರುತ್ತಿದ್ದನಂತೆ.
ನಾನು ಕಂಡದ್ದು ಮಿಲ್ಲು ಮುಚ್ಚಿದ ಮೇಲಿನ ಅಜ್ಜನನ್ನು,
ಸಂಜೆ ನನಗೆ ಮಂಡಕ್ಕಿ ಮೆಣಸಿನಕಾಯಿ ತರಲು ಹೋಗಿ
ಗೋಡೆ ಹಿಡಿದು, ಲೈಟುಕಂಬ ಹಿಡಿದು,
ಯಾರದೋ ನಿಲ್ಲಿಸಿದ ಸೈಕಲ್ಲು ಹಿಡಿದು
ಓಲಾಡುತ್ತ ಬರುವವನನ್ನು.
"ಇವತ್ತೂ ಏರ್ಸ್ಯಾನೆ ನೋಡು," ಅನ್ನುತ್ತಿತ್ತು ಓಣಿ.
ಅವ್ವ ಹತ್ತಿರ ಹೋಗಿ ಮೂಸುತ್ತಿದ್ದಳು.
ವಾಸನೆ ಇರುತ್ತಿರಲಿಲ್ಲ. ಅದಕ್ಕೂ ಬೈಗುಳ:
"ಅದೆಂಥದು ಕುಡೀತೀಯ ಮಾವ, ವಾಸ್ನೇನೂ ಬರದಂಥದು?"
ಅಜ್ಜ ಉತ್ತರ ಕೊಡುತ್ತಿರಲಿಲ್ಲ.
ಇದ್ದ ಉಸಿರು ಹೊಸ್ತಿಲು ದಾಟುವುದಕ್ಕೆ ಬೇಕಿತ್ತು.

ನಾನೋ, ಅವನ ಹಿಂದೆಯೇ ಓಲಾಡಿ ನಡೆಯುತ್ತಿದ್ದೆ,
ಎಡಕ್ಕೆ ಬಿದ್ದಂತೆ ಮಾಡಿ ಬಲಕ್ಕೆ.
ಓಣಿಯ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು.
ಇವತ್ತಿಗೂ ಎದುರಿನ ಕಾರ್ನರ್ ಹುಡುಗಿಯನ್ನು
ನಾನು ಯಾಮಾರಿಸುವುದು ಅದೇ ಹೆಜ್ಜೆಯಲ್ಲಿ.
ಎಲ್ಲಿ ಕಲಿತೆ ಅಂತ ಕೋಚ್ ಕೇಳಿದ್ದರು ಒಮ್ಮೆ.
ಹಂಗೇ ಬಂತು ಸರ್ ಅಂದಿದ್ದೆ.

"ಮೇಡಂ, ಎದೆಯಲ್ಲಿ ಧೂಳು ತುಂಬಿದೋರಿಗೂ ಹಿಂಗಾಗುತ್ತಾ?"
ಪೆನ್ನಿನ ಕ್ಯಾಪು ಕಚ್ಚಿದರು.
"ನಮ್ಮ ಅಧ್ಯಯನದಲ್ಲಿ ಅದಿಲ್ಲಮ್ಮ," ಅಂದರು,
ಸ್ವಲ್ಪ ಹೊತ್ತಾದ ಮೇಲೆ, "ಆಗಬಹುದು."
ಮುಂದಿನ ಹೆಸರು ಕರೆದರು: ಮಾಬುನ್ನಿ.

ಹೊರಗೆ ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿದೆ.
ಏಳುವಾಗ ಅಂಗಳ ಒಂಚೂರು ವಾಲಿತು,
ಅಥವಾ ವಾಲಿದ್ದು ನಾನೇ ಇರಬೇಕು, ಬೇಕಂತಲೇ.
ಚೈನ್ ಹಿಡಿಯುವಾಗ ಹಿಡಿಯುತ್ತಾಳಲ್ಲ, ಹಾಗೆ
ಕರಿಬಸಮ್ಮ ಮಣಿಕಟ್ಟು ಹಿಡಿದಳು.
"ಏನೇ, ಕುಡ್ದೀಯೇನೇ?"
ಮೂಸು ಅಂದೆ.
ಮೂಗು ತಂದು ಮೂಸಿದಳು.
ರಬ್ಬರು, ಅಂದಳು.